ಟೈಲರ್ ಮೇಷ್ಟ್ರ ಶೀರ್ಷಾಸನ

ಶೀರ್ಷಾಸನ ಹೇಳಿಕೊಡಿ ಎಂದು ಯಾರಾದರೂ ಕೇಳಿದರೆ ನಾನು ಆಗುವುದಿಲ್ಲ ಎನ್ನುತ್ತೇನೆ. ಕಾರಣ ಕೇಳಿದರೆ ಹೇಳುವುದಿಲ್ಲ. ‘ಇವರಿಗೇ ಬರೋದಿಲ್ಲವೇನೋ’ ಎಂದು ಬೆನ್ನ ಹಿಂದೆ ಆಡಿಕೊಳ್ಳುವವರಿದ್ದಾರೆ, ಗೊತ್ತು. ಆಡಿಕೊಳ್ಳಲಿ. ನನಗೆ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಕಲಿಸಿದವರು ಹೊಸನಗರದ ಒಬ್ಬ ಟೈಲರ್. ಅವರ ಕಣ್ಣು ಹೋದದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ಬರೆಯಲು ಇಷ್ಟು ವರ್ಷ ಮನಸ್ಸಾಗಿರಲಿಲ್ಲ. ಈಗಲೂ ಸಂತೋಷದಿಂದೇನೂ ಬರೆಯುತ್ತಿಲ್ಲ.

ಯೋಗ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಸಾಗರದ ಹೈಸ್ಕೂಲಿನಲ್ಲಿ, ಡ್ರಿಲ್ ಮೇಷ್ಟ್ರ ಬಾಯಿಂದ. ನಾನು ಉಬ್ಬಸದ ಹುಡುಗ. ಚಳಿ ಶುರುವಾದರೆ ಎದೆಯೊಳಗೆ ಸೀಟಿ ಊದುತ್ತಿತ್ತು, ಹೊರಗೆ ಮೇಷ್ಟ್ರ ಸೀಟಿ. ಗಣರಾಜ್ಯೋತ್ಸವದ ದಿನ ಮೈದಾನದಲ್ಲಿ ನಲವತ್ತು ಹುಡುಗರು ಒಂದೇ ಕಾಲಿನ ಮೇಲೆ ಮರದ ಹಾಗೆ ನಿಲ್ಲಬೇಕು, ಅತಿಥಿಗಳು ಚಪ್ಪಾಳೆ ತಟ್ಟಬೇಕು. ಅದು ಅವರ ಯೋಗ. ಗೋಡೆಯ ಮೇಲೆ ಆಸನಗಳ ಚಿತ್ರಪಟವೊಂದಿತ್ತು. ಅದನ್ನು ಬೆತ್ತದಲ್ಲಿ ತೋರಿಸಿ ‘ಹೀಗೆ’ ಎನ್ನುತ್ತಿದ್ದರೇ ಹೊರತು ತಾವು ಒಂದು ದಿನವೂ ಬಗ್ಗಿದವರಲ್ಲ. ಬಗ್ಗಲು ಅವರ ಹೊಟ್ಟೆಯೂ ಬಿಡುತ್ತಿರಲಿಲ್ಲ. ಅವರು ದಿನವೂ ಹೇಳುತ್ತಿದ್ದದ್ದು ಒಂದೇ ಮಾತು.

“ನೋವಾದ್ರೆ ಮುಖದಲ್ಲಿ ಕಾಣಬಾರ್ದು. ಯಾರಾದ್ರೂ ಕೇಳಿದ್ರೆ ಏನೂ ಇಲ್ಲ ಸಾರ್ ಅನ್ಬೇಕು. ತಿಳೀತಾ?”

ಆ ವರ್ಷ ಮೈದಾನದಲ್ಲಿ ನಿಂತಿದ್ದಾಗಲೇ ನನಗೆ ಉಸಿರು ಕಟ್ಟಿತು. ಕಣ್ಣು ಕತ್ತಲೆ ಬಂತು, ಆದರೂ ಕಾಲು ಇಳಿಸಲಿಲ್ಲ. ಅತಿಥಿಗಳು ಹೋದ ಮೇಲೆ ಮೇಷ್ಟ್ರು ಬಂದು ಬೆನ್ನು ತಟ್ಟಿ “ಗಂಡಸು ನೀನು” ಎಂದರು. ಮನೆಗೆ ಹೋಗಿ ಗೋಡೆಗೊರಗಿ ಕೂತು ಏದುಸಿರು ಬಿಡುತ್ತಿದ್ದವನನ್ನು ನೋಡಿ ಅಮ್ಮ ಸಿಟ್ಟಾದಳು. “ನೆಟ್ಟಗೆ ಉಸಿರಾಡಲೆ ಬತ್ತಿಲ್ಲೆ, ಅದೆಂತ ಸರ್ಕಸ್ಸು ನಿಂದು?” ಅವಳ ಮಾತು ಕಿವಿಗೆ ಬೀಳಲಿಲ್ಲ. ಬೆನ್ನ ಮೇಲೆ ಆ ಕೈ ಇನ್ನೂ ಇದ್ದ ಹಾಗೆ ಅನಿಸುತ್ತಿತ್ತು. ಗುರು ಎನಿಸಿಕೊಂಡವರಿಂದ ಒಂದು ಶಹಬ್ಬಾಸ್‌ಗಿರಿ ಸಿಗುತ್ತದೆಂದರೆ ಏನನ್ನೂ ನುಂಗಿಕೊಳ್ಳುವ ಕೆಟ್ಟ ಚಟ ನನಗೆ ಅಂಟಿದ್ದು ಅಲ್ಲೇ. ಅವರು ಕಲಿಸಿದ ಆಸನಗಳೆಲ್ಲ ತಪ್ಪಾಗಿದ್ದವು ಎಂದು ಆಮೇಲೆ ತಿಳಿಯಿತು. ಆ ಒಂದು ಚಟ ಮಾತ್ರ ಪಕ್ಕಾ ಕಲಿತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನನಗೆ ಜಲವಿದ್ಯುತ್ ಯೋಜನೆಯ ಕಚೇರಿಯಲ್ಲಿ ಟ್ರೇಸರ್ ಕೆಲಸ ಸಿಕ್ಕಿತು. ಎಂಜಿನಿಯರುಗಳು ಬರೆದ ನಕ್ಷೆಗಳ ಮೇಲೆ ತೆಳುಕಾಗದವಿಟ್ಟು ಇಂಕಿನಲ್ಲಿ ತಿದ್ದಿ ತೆಗೆಯುವ ಕೆಲಸ. ಕೆಲವು ದಿನ ಮಾಸ್ತಿಕಟ್ಟೆಗೆ ಜೀಪಿನಲ್ಲಿ ಹೋಗಬೇಕಿತ್ತು, ಉಳಿದಂತೆ ಹೊಸನಗರದಲ್ಲೇ ಬಾಡಿಗೆ ಕೋಣೆ. ಅದರ ಎದುರಿಗೆ ಒಂದು ಟೈಲರ್ ಅಂಗಡಿ. ಪ್ಯಾಂಟು ಹೊಲಿಸಲು ಹೋದೆ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಕುತ್ತಿಗೆಗೆ ಟೇಪು. ಸೊಂಟದ ಅಳತೆ ತೆಗೆಯುತ್ತ ತೆಗೆಯುತ್ತ ತಟ್ಟನೆ ನಿಲ್ಲಿಸಿ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು.

“ಎಡಭುಜ ಅರ್ಧ ಇಂಚು ಇಳಿದದೆ. ಉಸಿರಿನ ತೊಂದ್ರೆ ಇದ್ಯಾ?”

“ಏನೂ ಇಲ್ಲ” ಎಂದೆ, ರೂಢಿಯಂತೆ.

“ಸುಳ್ಳು ಹೇಳ್ಬೇಡ ಮಾರಾಯ. ಮೂವತ್ತು ವರ್ಷದಿಂದ ಜನರ ಮೈ ಅಳೀತಿದೀನಿ. ನಾಳೆ ಬೆಳಿಗ್ಗೆ ಆರು ಗಂಟೆಗೆ ಬಾ. ಪ್ಯಾಂಟಿಗಲ್ಲ.”

ಹಾಗೆ ಹೋದವನು ಐದು ವರ್ಷ ಹೋದೆ. ಬೆಳಿಗ್ಗೆ ಅಂಗಡಿಯ ಎರಡು ಮೆಷಿನ್ನುಗಳನ್ನು ಮೂಲೆಗೆ ಸರಿಸಿ, ನೆಲದ ಚೂರುಬಟ್ಟೆ ಗುಡಿಸಿ, ಕಂಬಳಿ ಹಾಸುತ್ತಿದ್ದೆವು. ನನ್ನ ಜೊತೆ ಇನ್ನೂ ಮೂವರೋ ನಾಲ್ವರೋ ಬರುತ್ತಿದ್ದರು. ಟೈಲರಿಗೆ ಬೇರೆ ಕಡೆ ಕಾಣದ ಒಂದು ಪದ್ಧತಿಯಿತ್ತು. ಬಟ್ಟೆಗೆ ಗೆರೆ ಎಳೆಯುವ ಚಾಕ್‌ಪೀಸಿನಿಂದಲೇ ನೆಲದ ಮೇಲೆ ಒಬ್ಬೊಬ್ಬರ ಹೆಜ್ಜೆಗೂ ಗುರುತು ಹಾಕುತ್ತಿದ್ದರು. ಮುಂದಕ್ಕೆ ಬಗ್ಗಿದಾಗ ಹಣೆ ಮೊಣಕಾಲಿನಿಂದ ಎಷ್ಟು ದೂರ ಎಂದು ಟೇಪಿನಲ್ಲಿ ಅಳೆದು, “ಹೋದ ವಾರಕ್ಕಿಂತ ಕಾಲು ಇಂಚು ಒಳಗೆ ಬಂದೀಯ” ಎನ್ನುತ್ತಿದ್ದರು. ಹೊಗಳುವುದೆಂದರೆ ಒಂದೇ, “ಹೂಂ”. ಆ ಹೂಂ ಸಿಕ್ಕ ದಿನ ನಾನು ಕಚೇರಿಯಲ್ಲಿ ಸುಮ್ಮಸುಮ್ಮನೆ ನಗುತ್ತ ಕೂತಿರುತ್ತಿದ್ದೆ. ಎರಡನೆಯ ಚಳಿಗಾಲ ಬರುವ ಹೊತ್ತಿಗೆ ಎದೆಯ ಸೀಟಿ ನಿಂತುಹೋಯಿತು. ಮಾತ್ರೆಯಿಂದ ಆಗದೆ ಇದ್ದದ್ದು ಆ ಸಣಕಲು ಮನುಷ್ಯನಿಂದ ಆಯಿತು. ಅವರನ್ನು ಅಂದಿನಿಂದ ಮೇಷ್ಟ್ರೇ ಎನ್ನತೊಡಗಿದೆ. ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಅಂಗಡಿಯ ಹಿಂದೆಯೇ ಮನೆ. ಗುಂಡಿ ಹಾಕುವುದು, ಕಾಜಾ ಹೊಲಿಯುವುದು, ಅಂಚು ಮಡಿಸುವುದು ಅಕ್ಕನ ಕೆಲಸ. ಮಕ್ಕಳಿರಲಿಲ್ಲ.

ಮೇಷ್ಟ್ರಿಗೆ ಕಲಿಸಿದ್ದು ಒಬ್ಬ ಸನ್ಯಾಸಿಯಂತೆ. ಯಾವುದೋ ಮಳೆಗಾಲದಲ್ಲಿ ನಾಲ್ಕು ತಿಂಗಳು ಊರ ಹೊರಗಿನ ದೇವಸ್ಥಾನದಲ್ಲಿ ಉಳಿದು, ಹರಿದ ಕಾವಿ ಹೊಲಿಸಲು ಬಂದವನು ಹೊಲಿಗೆಗೆ ಬದಲಾಗಿ ಆಸನ ಹೇಳಿಕೊಟ್ಟು ಹೋದನಂತೆ. ಹೋಗುವಾಗ ಒಂದು ಕಟ್ಟಳೆ ಹಾಕಿದನಂತೆ. ಕಲಿಸುವವನು ಅವತ್ತು ಬೆಳಿಗ್ಗೆ ತಾನು ಮಾಡಿರದ ಆಸನವನ್ನು ಯಾರಿಗೂ ಹೇಳಿಕೊಡಬಾರದು. ಮೇಷ್ಟ್ರು ಇದನ್ನು ಕಣ್ಣಿಗೆ ಒತ್ತಿಕೊಂಡು ಪಾಲಿಸುತ್ತಿದ್ದರು. ಒಮ್ಮೆ ಜ್ವರ ಬಂದು ಮೂರು ದಿನ ಬರೀ ಉಸಿರಾಟ ಮಾಡಿದರು. ಆ ಮೂರು ದಿನ ನಮಗೂ ಬರೀ ಉಸಿರಾಟ. ಗಟ್ಟಿಮುಟ್ಟಾದ ಒಬ್ಬರು “ನಿಮಗೆ ಜ್ವರ ಬಂದ್ರೆ ನಾವ್ಯಾಕೆ ಮಲಗ್ಬೇಕು?” ಎಂದು ಜಗಳವಾಡಿ ಬಿಟ್ಟೇಹೋದರು. ಮೇಷ್ಟ್ರು ಅವರನ್ನು ಕರೆಯಲಿಲ್ಲ. ಡ್ರಿಲ್ ಮೇಷ್ಟ್ರನ್ನು ಕಂಡಿದ್ದ ನನಗೆ ಇದು ದೊಡ್ಡ ವಿಷಯವಾಗಿ ಕಂಡಿತು. ಈ ಮನುಷ್ಯ ಬೆತ್ತದಲ್ಲಿ ಚಿತ್ರ ತೋರಿಸುವವನಲ್ಲ ಎಂದು ಅವರ ಮೇಲೆ ಇನ್ನಿಲ್ಲದ ಭಕ್ತಿ ಬಂತು.

ಅವರ ಬಳಿ ರಟ್ಟು ಹೋದ ಒಂದು ಹಳೆಯ ಪುಸ್ತಕವೂ ಇತ್ತು. ಒಂದೊಂದು ಆಸನದಿಂದ ಏನೇನು ಲಾಭ ಎಂಬ ಪಟ್ಟಿ ಅದರಲ್ಲಿ. ಶೀರ್ಷಾಸನದಿಂದ ಕಣ್ಣಿನ ದೃಷ್ಟಿ ಹೆಚ್ಚುತ್ತದೆ ಎಂದು ಬರೆದಿತ್ತು. ಆ ಸಾಲಿನ ಕೆಳಗೆ ಚಾಕ್‌ಪೀಸಿನ ಗೆರೆ ಎಳೆದಿಟ್ಟುಕೊಂಡಿದ್ದರು. ಹೊಲಿಯುವವರಿಗೆ ಕಣ್ಣೇ ಬಂಡವಾಳ, ಆದ್ದರಿಂದ ದಿನವೂ ಹತ್ತು ನಿಮಿಷ ತಪ್ಪದೆ ತಲೆಯ ಮೇಲೆ ನಿಲ್ಲುತ್ತಿದ್ದರು. ಆ ಅಂಗಡಿಯಲ್ಲಿ ನಾನು ಕಂಡ ಚೆಂದದ ನೋಟ ಅದು. ಕಾಲು ಮೇಲಕ್ಕೆ ಹೋದದ್ದೂ ತಿಳಿಯುತ್ತಿರಲಿಲ್ಲ, ಇಳಿದದ್ದೂ ತಿಳಿಯುತ್ತಿರಲಿಲ್ಲ. ನಡುವೆ ಒಂದು ಬೆರಳೂ ಅಲುಗುತ್ತಿರಲಿಲ್ಲ.

ನನಗೆ ಅದೊಂದನ್ನು ಹೇಳಿಕೊಟ್ಟಿರಲಿಲ್ಲ. “ನಿನ್ನ ಕುತ್ತಿಗೆ ಇನ್ನೂ ಹಸಿ” ಎಂದು ಎರಡು ವರ್ಷ ತಳ್ಳಿದರು. ಮೂರನೆಯ ವರ್ಷ, “ದೀಪಾವಳಿ ಕಳೀಲಿ, ನಿನ್ನ ತಲೆ ಮೇಲೆ ನಿಲ್ಲಿಸ್ತೀನಿ” ಎಂದರು. ನಾನು ಆ ದೀಪಾವಳಿಗೆ ಕಾದಷ್ಟು ಯಾವ ಹಬ್ಬಕ್ಕೂ ಕಾದವನಲ್ಲ.

ಆದರೆ ಅದೇ ಮಳೆಗಾಲದಲ್ಲಿ ಮೇಷ್ಟ್ರು ಪಕ್ಕದಲ್ಲಿದ್ದ ಸ್ಟೂಲನ್ನು ಎಡವತೊಡಗಿದರು. ಎಡಗಡೆಯಿಂದ ಬಂದು ನಿಂತವರು ಕೆಮ್ಮಿದರೆ ಬೆಚ್ಚಿ ಬೀಳುತ್ತಿದ್ದರು. ಸೂಜಿಗೆ ದಾರ ಪೋಣಿಸಲು ಅಕ್ಕನನ್ನು ಕರೆಯುವುದು ಶುರುವಾಯಿತು. ಬಲ್ಬಿನ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದು ಒಮ್ಮೆ ಏನೋ ಸಾಧನೆ ಮಾಡಿದವರಂತೆ ಹೇಳಿದರು. ಒಂದು ದಿನ ಶಾಲೆಯ ಹೆಡ್ಮೇಷ್ಟ್ರ ಪ್ಯಾಂಟಿನ ಒಂದು ಕಾಲು ಇನ್ನೊಂದಕ್ಕಿಂತ ಒಂದಿಂಚು ಗಿಡ್ಡವಾಯಿತು. ಅವರು ನಗುತ್ತಲೇ ಹಿಂದಕ್ಕೆ ಕೊಟ್ಟುಹೋದರು. ಮೇಷ್ಟ್ರು ಮಾತ್ರ ಆ ಪ್ಯಾಂಟನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.

“ಸಾಧನೆ ಕಮ್ಮಿ ಆಗಿದೆ ಮಾರಾಯ,” ಎಂದರು ನನಗೆ. “ಹತ್ತು ನಿಮಿಷ ಸಾಲಲ್ಲ.”

ಮರುದಿನದಿಂದ ಹದಿನೈದಾಯಿತು. ಆಮೇಲೆ ಇಪ್ಪತ್ತು. ಅವರು ಮೇಲೆ ನಿಂತಿರುವಾಗ ವಾಚು ನೋಡಿ ಹೇಳುವುದು ನನ್ನ ಕೆಲಸ. ಒಂದೆರಡು ತಿಂಗಳಲ್ಲಿ ಅರ್ಧ ಗಂಟೆ ಮುಟ್ಟಿದರು. ಇಳಿದಾಗ ಅವರ ಕಣ್ಣು ಕೆಂಪಾಗಿ ನೀರು ತುಂಬಿರುತ್ತಿತ್ತು. “ಕೊಳೆ ಎಲ್ಲಾ ಹೊರಗೆ ಬರ್ತದೆ” ಎನ್ನುತ್ತಿದ್ದರು. ನಾನು ನಂಬಿದೆ. ಅನುಮಾನ ಬಂದರೂ ನಂಬಿದ ಹಾಗೆ ಇದ್ದೆ ಎಂದರೆ ಸರಿಯಾದೀತು.

ನವರಾತ್ರಿ ರಜೆಯಲ್ಲಿ ತೀರ್ಥಹಳ್ಳಿಯ ಒಂದು ಶಾಲೆಯಲ್ಲಿ ಕಣ್ಣಿನ ಶಿಬಿರ ಇದೆ ಎಂದು ಅಕ್ಕ ಯಾರಿಂದಲೋ ತಿಳಿದುಕೊಂಡರು. ಮೇಷ್ಟ್ರು ಒಲ್ಲೆ ಎಂದರು. ಅಕ್ಕ ಎರಡು ದಿನ ಮಾತು ಬಿಟ್ಟ ಮೇಲೆ ಹೂಂ ಎಂದರು. ಹಬ್ಬದ ಹೊಲಿಗೆ ರಾಶಿ ಬಿದ್ದಿದ್ದರಿಂದ ಅಕ್ಕ ಬರುವಂತಿರಲಿಲ್ಲ, ನಾನು ಜೊತೆಗೆ ಹೊರಟೆ. ಬಸ್ಸು ಹತ್ತುವ ಮುಂಚೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು.

“ತಮ್ಮಾ, ಇವ್ರು ನಂಗೆ ಎಲ್ಲಾ ಹೇಳಲ್ಲ. ಡಾಕ್ಟ್ರು ಎಂತ ಅಂತಾರೋ ಅದನ್ನ ನೀನು ನಂಗೆ ಹೇಳ್ಬೇಕು. ಒಂದಕ್ಷರ ಬಿಡ್ಬಾರ್ದು.”

“ಆಯ್ತಕ್ಕ” ಎಂದೆ.

ಶಾಲೆಯ ಒಂದು ಕೋಣೆಯಲ್ಲಿ ಹಗ್ಗಕ್ಕೆ ಬಿಳಿ ಬೆಡ್‌ಶೀಟು ನೇತುಹಾಕಿ ಎರಡು ಭಾಗ ಮಾಡಿದ್ದರು. ಈಚೆ ಕಾಯುವವರ ಬೆಂಚು, ಆಚೆ ಡಾಕ್ಟರು. ಪರೀಕ್ಷೆ ಮುಗಿದು, ಔಷಧಿಯ ಹನಿಯಿಂದ ಕಣ್ಣು ಮಂಜಾದ ಮೇಷ್ಟ್ರನ್ನು ಕೈಹಿಡಿದು ತಂದು ಬೆಂಚಿನ ಮೇಲೆ ಕೂರಿಸಿದೆ. ಡಾಕ್ಟರು ನನ್ನನ್ನು ಒಳಗೆ ಕರೆದರು. ಹೆಚ್ಚುಕಡಿಮೆ ನನ್ನದೇ ವಯಸ್ಸಿನವರು.

“ನೀವು ಮಗನಾ?”

“ಅಲ್ಲ, ಶಿಷ್ಯ. ಯೋಗ ಕಲೀತಿದ್ದೀನಿ ಅವರ ಹತ್ರ.”

ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. “ಯೋಗ ಅಂದ್ರೆ? ತಲೆ ಕೆಳಗೆ ಮಾಡಿ ನಿಲ್ತಾರಾ?”

“ದಿನಾ ಅರ್ಧ ಗಂಟೆ” ಎಂದೆ. ನನ್ನ ದನಿಯಲ್ಲಿ ಹೆಮ್ಮೆಯಿತ್ತು, ಈಗಲೂ ನನಗೆ ಅದು ಕೇಳಿಸುತ್ತದೆ.

“ಇವತ್ತೇ ನಿಲ್ಲಿಸ್ಬೇಕು. ಅವರ ಕಣ್ಣಿನೊಳಗೆ ಪ್ರೆಶರ್ ಜಾಸ್ತಿ ಇದೆ. ತಲೆ ಕೆಳಗಾದ್ರೆ ಅದು ಇನ್ನೂ ಏರುತ್ತೆ. ಅದರಿಂದಲೇ ಬಂತು ಅಂತ ನಾನು ಹೇಳಲ್ಲ. ಆದ್ರೆ ಉಳಿದಿರೋದನ್ನ ಅದು ಬೇಗ ತಿಂದುಹಾಕುತ್ತೆ. ಹೋದ ದೃಷ್ಟಿ ವಾಪಸ್ ಬರಲ್ಲ. ಹನಿ ಬರ್ದು ಕೊಡ್ತೀನಿ, ದಿನಾ ಹಾಕ್ಬೇಕು. ಆಪರೇಷನ್ ಬೇಕೋ ಏನೋ, ದೊಡ್ಡಾಸ್ಪತ್ರೆಯಲ್ಲಿ ತೋರಿಸಿ. ಮುಖ್ಯ ಇದು, ತಲೆ ಕೆಳಗೆ ಮಾಡೋದು ಬೇಡ. ನೀವು ಶಿಷ್ಯ ಅಂತೀರಲ್ಲ, ನೀವೇ ಅವರಿಗೆ ಹೇಳಿ.”

ಇಷ್ಟು ಸ್ಪಷ್ಟವಾಗಿ ಹೇಳಿದರು. ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

ಸಂಜೆಯ ಬಸ್ಸಿನಲ್ಲಿ ಮೇಷ್ಟ್ರು ಕಿಟಕಿಯ ಪಕ್ಕ ಕೂತಿದ್ದರು. ಕೋಣಂದೂರಿನಲ್ಲಿ ಬಸ್ಸು ನಿಂತಾಗ ಸಂತೆ ಮುಗಿಸಿದವರು ಚೀಲ, ಬುಟ್ಟಿ ಸಮೇತ ನುಗ್ಗಿದರು. ಆ ಗಲಾಟೆಯ ನಡುವೆ ಅವರು ಕೇಳಿದರು.

“ಡಾಕ್ಟ್ರು ಎಂತ ಅಂದ್ರು?”

“ಹನಿ ಹಾಕ್ಬೇಕಂತೆ. ದಿನಾ.”

“ಮತ್ತೆ?”

“ದೊಡ್ಡಾಸ್ಪತ್ರೆಗೆ ಒಂದ್ಸಲ ತೋರಿಸ್ಬೇಕಂತೆ.”

“ಅಷ್ಟೇಯಾ?”

“ಅಷ್ಟೇ.”

ಅವರು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಆ ರಾತ್ರಿ ಅಕ್ಕನಿಗೂ ಅಷ್ಟನ್ನೇ ಹೇಳಿದೆ. ಹನಿಯ ಬಾಟಲಿ ಕೈಗೆ ಕೊಟ್ಟು, ದಿನಕ್ಕೆ ಎಷ್ಟು ಸಲ ಎಂದು ತಿಳಿಸಿದೆ. ಅಕ್ಕ ಅದನ್ನು ದೇವರ ಗೂಡಿನಲ್ಲಿ ಇಟ್ಟರು.

ಯಾಕೆ ಹೇಳಲಿಲ್ಲ? ಆ ದಿನಗಳಲ್ಲಿ ನನಗೇ ಹೇಳಿಕೊಳ್ಳುತ್ತಿದ್ದ ಉತ್ತರ, ಆ ಡಾಕ್ಟರಿಗೆ ಯೋಗದ ಗಂಧವಿಲ್ಲ ಎಂಬುದು. ನನ್ನ ಉಬ್ಬಸವನ್ನು ಯಾವ ಡಾಕ್ಟರು ವಾಸಿಮಾಡಿದ್ದ? ನನ್ನಷ್ಟೇ ವಯಸ್ಸಿನವನು ಬಂದು ನನ್ನ ಗುರುವಿಗೆ ಬುದ್ಧಿ ಹೇಳುವುದೇ? ಹೀಗೆಲ್ಲ ಮೂಗು ಮುರಿದದ್ದು ನಿಜ. ಆದರೆ ನಿಜವಾದ ಕಾರಣ ಅದಲ್ಲ. ದೀಪಾವಳಿಗೆ ಇನ್ನು ಮೂರು ವಾರವಿತ್ತು. ಮೇಷ್ಟ್ರು ಶೀರ್ಷಾಸನ ಬಿಟ್ಟರೆ ಅವರ ಕಟ್ಟಳೆಯ ಪ್ರಕಾರ ನನಗೆ ಅದನ್ನು ಹೇಳಿಕೊಡುವಂತಿಲ್ಲ. ಒಮ್ಮೆ ಕಲಿತುಬಿಡುತ್ತೇನೆ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಒಂದು ತಿಂಗಳಿನಲ್ಲಿ ಏನು ಆಗಿಬಿಡುತ್ತದೆ ಎಂದುಕೊಂಡೆ. ಇದಕ್ಕೆ ಸ್ವಾರ್ಥ ಎಂಬ ಹೆಸರಲ್ಲದೆ ಬೇರೆ ಹೆಸರಿಲ್ಲ. ಎಷ್ಟು ಹುಡುಕಿದರೂ ಸಿಕ್ಕಿಲ್ಲ.

ದೀಪಾವಳಿ ಕಳೆಯಿತು, ಮಾತಿನಂತೆ ಕಲಿಸಿದರು. ದಿನವೂ ಬೆಳಿಗ್ಗೆ ತಾವು ಅರ್ಧ ಗಂಟೆ ನಿಂತು, ಇಳಿದು, ಕೆಂಪು ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತು, ಆಮೇಲೆ ನನ್ನನ್ನು ಕರೆಯುತ್ತಿದ್ದರು. ಆಗಲೇ ನನ್ನನ್ನು ಪೂರ್ತಿ ನೋಡುವುದು ಅವರಿಂದ ಆಗುತ್ತಿರಲಿಲ್ಲ. ಕೈಯಿಂದ ಮುಟ್ಟಿ ಮುಟ್ಟಿ ತಿದ್ದುತ್ತಿದ್ದರು. ಮೊಣಕೈಗಳ ನಡುವಿನ ಅಂತರ, ಬೆನ್ನಿನ ನೇರ, ಹಿಮ್ಮಡಿ. ಗೋಡೆಯ ಆಸರೆಯಿಲ್ಲದೆ ನಾನು ಮೊದಲ ಸಲ ನಿಂತ ದಿನ ಅವರು “ಹೂಂ” ಎಂದರು. ನಾನು ಸಂತೋಷಪಟ್ಟೆ. ಆ ಸಂತೋಷ ನೆನಪಾದಾಗೆಲ್ಲ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಕಲಿತ ಮೇಲೂ ಹೇಳಲಿಲ್ಲ. ಒಂದು ತಿಂಗಳು ತಡಮಾಡಿದ್ದನ್ನು ಹೇಳುವುದು ಆ ದಿನವೇ ಹೇಳುವುದಕ್ಕಿಂತ ಕಷ್ಟ. ಆರು ತಿಂಗಳಾದ ಮೇಲೆ ಇನ್ನೂ ಕಷ್ಟ. ಇವತ್ತು ಹೇಳುತ್ತೇನೆ ಎಂದು ಹೋಗುವುದು, ಅವರ ಮುಖ ನೋಡಿ ವಾಚು ಹಿಡಿದು ಕೂರುವುದು. ಹನಿ ಹಾಕಿದರೆ ಉರಿಯುತ್ತದೆಂದು ಅವರು ಅದನ್ನೂ ಬಿಟ್ಟರು. ದೊಡ್ಡಾಸ್ಪತ್ರೆಯ ಮಾತೆತ್ತಿದರೆ ಕಣ್ಣಿಗೆ ಚಾಕು ಹಾಕಿಸಿಕೊಳ್ಳುವವನಲ್ಲ ಎಂದು ಸಿಟ್ಟಾಗುತ್ತಿದ್ದರು. ಬಟ್ಟೆ ಕೊಡುವವರು ಒಬ್ಬೊಬ್ಬರೇ ಬಸ್ ಸ್ಟ್ಯಾಂಡಿನ ಹತ್ತಿರ ಶುರುವಾದ ಹೊಸ ಅಂಗಡಿಗೆ ಹೋದರು. ಬೆಳಗಿನ ಶಿಷ್ಯರೂ ಕರಗಿದರು. ಕಣ್ಣು ಕಾಣದ ಗುರು ಶೀರ್ಷಾಸನದಿಂದ ದೃಷ್ಟಿ ಹೆಚ್ಚುತ್ತದೆ ಎಂದರೆ ಯಾರು ತಾನೇ ಉಳಿಯುತ್ತಾರೆ? ಕೊನೆಗೆ ಉಳಿದವನು ನಾನೊಬ್ಬ. ನನಗೂ ಜೋಗಕ್ಕೆ ವರ್ಗವಾಯಿತು. ವರ್ಗದ ಆದೇಶ ಕೈಗೆ ಬಂದಾಗ ಹಗುರವೆನಿಸಿತು, ಅದನ್ನೂ ಬರೆದುಬಿಡುತ್ತೇನೆ.

ಜೋಗದ ವಿದ್ಯುತ್ ಕಾಲೊನಿಯಲ್ಲಿ ನಾನು ಯೋಗದ ಮೇಷ್ಟ್ರಾದೆ. ಪಾಳಿ ಮುಗಿಸಿ ಬಂದವರು, ಬೆನ್ನು ನೋವಿನವರು, ಸಕ್ಕರೆ ಕಾಯಿಲೆಯವರು ಸಂಜೆ ಬರುತ್ತಿದ್ದರು. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಹೆಜ್ಜೆ ಗುರುತು ಹಾಕುತ್ತಿದ್ದೆ. ಎಲ್ಲಿ ಕಲಿತಿರಿ ಎಂದರೆ ಹೊಸನಗರದಲ್ಲಿ ಎನ್ನುತ್ತಿದ್ದೆ, ಮುಂದಕ್ಕೆ ಮಾತು ಬೆಳೆಸುತ್ತಿರಲಿಲ್ಲ. ಮೇಷ್ಟ್ರಿಗೆ ಎರಡು ಕಾಗದ ಬರೆದೆ. ಅವುಗಳನ್ನು ಅಕ್ಕನೇ ಓದಿ ಹೇಳಬೇಕು ಎಂಬುದು ನೆನಪಾಗಿ ಎರಡರಲ್ಲೂ ಕ್ಷೇಮ ಸಮಾಚಾರ ಬಿಟ್ಟು ಬೇರೇನೂ ಬರೆಯಲಿಲ್ಲ. ಒಂದು ದಿನ ಕಾಲೊನಿಯ ದವಾಖಾನೆಗೆ ಬಂದ ಕಣ್ಣಿನ ಡಾಕ್ಟರೊಬ್ಬರು ನನ್ನ ತರಗತಿ ನೋಡಲು ಬಂದು ಸುಮ್ಮನೆ ಕೇಳಿದರು, “ಗ್ಲಾಕೋಮಾ, ಅಂದ್ರೆ ಕಣ್ಣಿನ ಪ್ರೆಶರ್ ಇರೋರಿಗೆ ಶೀರ್ಷಾಸನ ಮಾಡಿಸಲ್ಲ ತಾನೇ?” ಅದೇ ಮಾತು, ಬೇರೆ ಬಾಯಿ. ಆ ವಾರವೇ ಒಂದು ದಿನ ರಜೆ ಹಾಕಿ ಹೊಸನಗರದ ಬಸ್ಸು ಹತ್ತಿದೆ. ಊರು ಬಿಟ್ಟು ಐದು ವರ್ಷವಾಗಿತ್ತು.

ಅಂಗಡಿಯಲ್ಲಿ ಒಂದೇ ಮೆಷಿನ್ನಿತ್ತು, ಅಕ್ಕ ರವಿಕೆ ಹೊಲಿಯುತ್ತಿದ್ದರು. ಮೇಷ್ಟ್ರು ಗೋಡೆಗೊರಗಿ ಕೂತಿದ್ದರು. ಕಣ್ಣು ತೆರೆದೇ ಇದ್ದವು, ನನ್ನ ಕಡೆಗೆ ತಿರುಗಲಿಲ್ಲ. ದನಿ ಕೇಳಿದ್ದೇ ಗುರುತು ಹಿಡಿದು, “ಬಂದ್ಯಾ ಮಾರಾಯ” ಎಂದು ಕೈ ಚಾಚಿದರು. ಪೂರ್ತಿ ಹೋಗಿ ಎರಡು ವರ್ಷವಾಯಿತಂತೆ. ಅಕ್ಕ ಮೆಷಿನ್ನು ನಿಲ್ಲಿಸಿ ಎದ್ದು ಬಂದರು. ಬಹಳ ದಿನದ ಮೇಲೆ ಮನೆಯವರೊಬ್ಬರು ಬಂದಷ್ಟು ಸಂಭ್ರಮ ಅವರಿಗೆ.

“ಸಾಧನೆ ಒಂದಿನನೂ ಬಿಟ್ಟಿಲ್ಲ ತಮ್ಮಾ ಇವ್ರು. ಕಣ್ಣು ಹೋದ ಮೇಲೆ ಮೇಲೆ ನಿಂತ್ರೆ ತೂಗಾಡ್ತಾರೆ, ಬೀಳ್ತಾರೆ. ಅದಕ್ಕೆ ನಾನೇ ಕಾಲು ಹಿಡ್ಕಳ್ತೀನಿ. ಅರ್ಧ ಗಂಟೆ ಹಂಗೇ ನಿಂತಿರ್ತೀನಿ. ಎಂತದೋ ಒಂದು ದಿನ ಬೆಳಕು ಬಂದ್ರೂ ಬರ್ಬಹುದು ಅಲ್ದಾ? ನೀನು ಕೂತಿರು, ಕಾಫಿ ಮಾಡ್ತೀನಿ.”

ಅವರು ಒಳಗೆ ಹೋದರು. ನನಗೆ ಕೂತಿರಲು ಆಗಲಿಲ್ಲ. ಮೇಷ್ಟ್ರ ಮುಂದೆ ಮಂಡಿಯೂರಿ, ದನಿ ತಗ್ಗಿಸಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವತ್ತು ತೀರ್ಥಹಳ್ಳಿಯಲ್ಲಿ ಡಾಕ್ಟರು ಹೇಳಿದ್ದು, ನಾನು ಬಾಯಿ ಮುಚ್ಚಿಕೊಂಡದ್ದು, ಯಾಕೆ ಮುಚ್ಚಿಕೊಂಡೆ ಎಂಬುದು. “ಈಗಲಾದ್ರೂ ಬಿಟ್ಬಿಡಿ ಮೇಷ್ಟ್ರೇ” ಎಂದೆ. ಅಳು ಬಂದಿತ್ತು.

ಮೇಷ್ಟ್ರು ಕೈಯಾಡಿಸಿ ನನ್ನ ಭುಜ ಹುಡುಕಿ ಹಿಡಿದರು.

“ಗೊತ್ತು” ಎಂದರು. “ಬೆಡ್‌ಶೀಟಿನ ಈಚೆಗೇ ಕೂತಿದ್ನಲ್ಲ. ಕಣ್ಣು ಮಂಜಾಗಿತ್ತು, ಕಿವಿಗೆಂತ ಆಗಿತ್ತು? ಎಲ್ಲಾ ಕೇಳ್ಸಿತ್ತು.”

“ಮತ್ಯಾಕೆ ಬಿಡ್ಲಿಲ್ಲ?”

“ನೀನು ದೀಪಾವಳಿಗೆ ಕಾಯ್ತಿದ್ದೆ. ನಾನು ಬಿಟ್ಟಿದ್ರೆ ನಿಂಗೆ ಹೇಳ್ಕೊಡಕ್ಕೆ ಬರ್ತಿರಲಿಲ್ಲ.” ಮತ್ತೆ ತಾವೇ ತಲೆಯಾಡಿಸಿದರು. “ಅದೂ ಪೂರ್ತಿ ಸತ್ಯ ಅಲ್ಲ ಬಿಡು. ಅದನ್ನ ಬಿಟ್ರೆ ನಾನೊಬ್ಬ ಕಣ್ಣು ಕಾಣದ ಟೈಲರ್ ಅಷ್ಟೇ. ಬಸ್ಸಲ್ಲಿ ನೀನು ಹೇಳ್ಲಿಲ್ಲ ಅಂತ ನಂಗೆ ಒಳಗೇ ಖುಷಿಯಾಯ್ತು. ಇಬ್ರೂ ಸೇರಿ ಮಾಡಿದ್ದು ಇದು, ನೀನೊಬ್ನೇ ಹೊತ್ಕಂಡು ತಿರುಗ್ಬೇಡ. ಅವಳ ಕಿವಿಗೆ ಮಾತ್ರ ಬೀಳ್ಬಾರ್ದು ನೋಡು. ಕಾಲು ಹಿಡ್ಕಳೋಳು ಅವಳು.”

ನಾನು ತಲೆಯೆತ್ತಿದೆ. ಅಕ್ಕ ಒಳಬಾಗಿಲಲ್ಲಿ ಎರಡು ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆಮೇಲೆ ಸದ್ದಾಗದಂತೆ ಲೋಟಗಳನ್ನು ಕಟಿಂಗ್ ಟೇಬಲ್ಲಿನ ಮೇಲಿಟ್ಟು ಒಳಕ್ಕೆ ಹೋದರು. ಮೇಷ್ಟ್ರಿಗೆ ಏನೂ ತಿಳಿಯಲಿಲ್ಲ.

“ಎಂತ ಇನ್ನೂ ಕಾಫಿ ಆಗ್ಲಿಲ್ವನಾ?” ಎಂದು ಕೇಳಿದರು.

“ಆಗ್ತಾ ಇದೆ” ಎಂದೆ ನಾನು.

ಹೊರಡುವಾಗ ಅಕ್ಕ ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಬಂದರು. ಬಸ್ ಸ್ಟ್ಯಾಂಡಿನವರೆಗೂ ಒಂದು ಮಾತಿಲ್ಲ. ಬೈದಿದ್ದರೆ, ಎರಡು ಬಾರಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ನನ್ನ ಎದೆಯ ಭಾರ ಇಳಿಸಿಕೊಳ್ಳಲು ಬಂದು ಅದನ್ನು ಅವರ ತಲೆಯ ಮೇಲಿಟ್ಟು ಹೊರಟಿದ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ಸಾಗರದ ಬಸ್ಸು ತಿರುಗಿ ನಿಲ್ಲುತ್ತಿತ್ತು. ಆಗ ಅವರು ಬಾಯಿ ಬಿಟ್ಟರು.

“ತಮ್ಮಾ, ನಾಳೆ ಬೆಳಿಗ್ಗೆ ಇವ್ರು ಕಂಬಳಿ ಹಾಸ್ಕಂಡು ನನ್ನ ಕರೀತಾರೆ. ಬಾರೇ, ಕಾಲು ಹಿಡಿ ಅಂತಾರೆ. ಇನ್ನು ಹೋಗೋಕೆ ಎಂತೂ ಉಳಿದಿಲ್ಲ ಆ ಕಣ್ಣಲ್ಲಿ. ಅದೊಂದು ಬಿಟ್ರೆ ಇವ್ರಿಗೂ ಬೇರೆ ಎಂತದೂ ಉಳಿದಿಲ್ಲ. ಹಿಡೀಲಾ, ಬೇಡ್ವಾ? ನೀನು ಕಲ್ತವನು, ನೀನೇ ಹೇಳು.”

ಕಂಡಕ್ಟರು ಸೀಟಿ ಊದಿದ. ಅಕ್ಕ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ನಾನು ಬಸ್ಸು ಹತ್ತಿದೆ.